ಗಡಿಯ ತನಕದ ದಾರಿ ನಿಮ್ಮದು: ಗಲಭೆಯ ದೇಶಕ್ಕೆ ಹೊರಟವರಿಗೂ ಮಕ್ಕಳನ್ನು ಕಳಿಸಿದವರಿಗೂ

ಇರಾಕ್ 1990ರಲ್ಲಿ ಕುವೈತನ್ನು ನುಂಗಿದಾಗ ಅಲ್ಲಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಊರಿಗೆ ತಂದ ವಿಮಾನಗಳು ಹೊರಟಿದ್ದು ಜೋರ್ಡಾನಿನ ಅಮ್ಮಾನ್‌ನಿಂದ. 2022ರಲ್ಲಿ ಯುಕ್ರೇನ್ ಹೊತ್ತಿಕೊಂಡಾಗ ‘ಆಪರೇಷನ್ ಗಂಗಾ’ದ ವಿಮಾನಗಳು ಇಳಿದದ್ದು ರುಮೇನಿಯಾದ ಬುಕಾರೆಸ್ಟ್, ಹಂಗೇರಿಯ ಬುಡಾಪೆಸ್ಟ್, ಪೋಲೆಂಡಿನ ಝೆಶುವ್‌ನಲ್ಲಿ. 2023ರ ಸುಡಾನ್ ಕಾಳಗದಲ್ಲಿ ನಮ್ಮ ನೌಕಾಪಡೆಯ ಹಡಗು ಕಾದಿದ್ದು ಪೋರ್ಟ್ ಸುಡಾನ್‌ನಲ್ಲಿ. ರಾಜಧಾನಿ ಖಾರ್ಟೂಮ್‌ನಿಂದ ಅಲ್ಲಿಗೆ ರಸ್ತೆಯಲ್ಲಿ 800 ಕಿಲೋಮೀಟರಿಗೂ ಹೆಚ್ಚು. 2025ರ ಜೂನ್‌ನಲ್ಲಿ ಇರಾನಿನಿಂದ ಬಂದ ಮೊದಲ ವಿದ್ಯಾರ್ಥಿಗಳ ತಂಡ ರಸ್ತೆ ಹಿಡಿದು ಆರ್ಮೇನಿಯಾ ಸೇರಿ, ಅಲ್ಲಿಂದ ವಿಮಾನ ಹತ್ತಿತು.

‘ಏನಾದರೂ ಆದರೆ ಸರಕಾರ ವಿಮಾನ ಕಳಿಸ್ತದ ಬಿಡ್ರಿ’ ಎನ್ನುವವರು ಈ ನಡುವಿನ ದಾರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಮಾನ ಬರುತ್ತದೆ, ಆದರೆ ನೀವಿರುವ ಹಾಸ್ಟೆಲಿನ ಬಾಗಿಲಿಗೆ ಬರುವುದಿಲ್ಲ. ಬಾಗಿಲಿನಿಂದ ಗಡಿಯವರೆಗಿನ ದಾರಿಗೆ ತಯಾರಿ ಆಗಬೇಕಾದದ್ದು ಇಲ್ಲಿ, ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ, ಬ್ಯಾಗು ತುಂಬುವ ಹೊತ್ತಿಗೆ. ಎಂಬಿಬಿಎಸ್ ಓದಲು ಹೊರಟ ಹುಡುಗ ಹುಡುಗಿಯರು, ಗಲ್ಫಿಗೆ ಡ್ರೈವರ್, ಗೌಂಡಿ ಕೆಲಸಕ್ಕೆ ಹೋಗುವವರು, ಇರಾಕ್–ಇರಾನಿಗೆ ಜಿಯಾರತ್ (ಪುಣ್ಯಸ್ಥಳಗಳ ಯಾತ್ರೆ) ಹೊರಟವರು, ನೇಪಾಳಕ್ಕೆ ಪಶುಪತಿನಾಥನ ದರ್ಶನಕ್ಕೆ ಹೋಗುವ ಹಿರಿಯರು, ಎಲ್ಲರಿಗೂ ಈ ಮಾತು ಒಂದೇ.

1. ಯಾರ ಮೂಲಕ ಹೋಗುತ್ತಿದ್ದೀರಿ, ಮೊದಲು ಅದನ್ನು ನೋಡಿ

ಕೆಲಸಕ್ಕೆ ಹೋಗುವವರ ಅಪಾಯ ಎಷ್ಟೋ ಸಲ ಆ ದೇಶದಲ್ಲಿ ಹುಟ್ಟುವುದಿಲ್ಲ, ಇಲ್ಲಿಯ ಏಜೆಂಟನ ಮೇಜಿನ ಮೇಲೆ ಹುಟ್ಟುತ್ತದೆ. ನಮ್ಮ ಪಕ್ಕದ ಕಲಬುರಗಿಯ ಯುವಕರು ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧದ ಮುಂಚೂಣಿಗೆ ಬಿದ್ದರು. ಮನೆಗೆ ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. ಮ್ಯಾನ್ಮಾರ್, ಕಾಂಬೋಡಿಯಾಗಳ ಕಡೆ ‘ಡೇಟಾ ಎಂಟ್ರಿ’ ಕೆಲಸ ಎಂದು ಕರೆದೊಯ್ದು ಆನ್‌ಲೈನ್ ಮೋಸದ ಅಡ್ಡೆಗಳಲ್ಲಿ ಕೂಡಿಹಾಕಿದ್ದೂ ಇದೇ ಜಾತಿಯದು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ‘ಇಸಿಆರ್’ (ವಲಸೆ ತಪಾಸಣೆ ಬೇಕಾದ) ವರ್ಗದ್ದು. ಅಂಥವರು ಸೌದಿ, ಕುವೈತ್, ಇರಾಕ್, ಲೆಬನಾನ್, ಸುಡಾನ್, ಯೆಮನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಇದನ್ನು ಕಾಟ ಎಂದುಕೊಳ್ಳುವವರೇ ಹೆಚ್ಚು. ನನ್ನ ಪ್ರಕಾರ ಇದು ಬಡವನಿಗೆ ಸಿಗುವ ಒಂದೇ ಬೇಲಿ. ಏಜೆಂಟನ ಹೆಸರು ಸರಕಾರದ ‘ಇ–ಮೈಗ್ರೇಟ್’ ತಾಣದಲ್ಲಿ ಇದೆಯೇ ನೋಡಿ. ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಎಕರೆ ಹೊಲ ಅಡವಿಟ್ಟು ಲಕ್ಷಗಟ್ಟಲೆ ರೊಕ್ಕ ಕೊಡಬೇಕು ಎನ್ನುವವನ ಹತ್ತಿರ ಎರಡನೇ ಮಾತು ಬೇಡ. ‘ಮೊದಲು ವಿಸಿಟ್ ವೀಸಾ ಮೇಲೆ ಹೋಗು, ಅಲ್ಲಿ ಹೋದ ಮೇಲೆ ಬದಲಿ ಮಾಡಿಸೋಣ’ ಎಂದರೂ ಅಷ್ಟೇ. ಗಲಭೆ ಎದ್ದಾಗ ವಿಸಿಟ್ ವೀಸಾದವನ ಹೆಸರು ಯಾವ ಕಂಪನಿಯ ಪಟ್ಟಿಯಲ್ಲೂ ಇರುವುದಿಲ್ಲ. ಇಸಿಆರ್ ಅನುಮತಿಯ ಜೊತೆಗೇ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ಯ 10 ಲಕ್ಷ ರೂಪಾಯಿ ವಿಮೆ ಬರುತ್ತದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಮೇಲೆ ತೆರಿಗೆ. ಅದರ ಕಾಗದ ಮನೆಯಲ್ಲಿ ಹೆಂಡತಿಯ ಕೈಯಲ್ಲಿರಲಿ.

ಪ್ರವಾಸ ವಿಮೆ ಬೇರೆ. ಹೆಚ್ಚಿನ ಪ್ರವಾಸ ವಿಮೆಗಳು ಯುದ್ಧದ ನಷ್ಟವನ್ನು ಕಟ್ಟಿಕೊಡುವುದಿಲ್ಲ. ಎಚ್ಚರಿಕೆ ಹೊರಬಿದ್ದ ಮೇಲೆ ಕೊಂಡ ಪಾಲಿಸಿಯಂತೂ ಹೆಚ್ಚಾಗಿ ಉಪಯೋಗಕ್ಕೆ ಬಾರದು. ಸಣ್ಣ ಅಕ್ಷರದ ‘ಹೊರಗಿಟ್ಟವು’ ಪಟ್ಟಿಯನ್ನು ಓದಿಸಿಕೊಂಡೇ ಸಹಿ ಹಾಕಿ.

2. ಕಾಗದ ಮೂರು ಕಡೆ ಇರಲಿ

ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರು ಅಥವಾ ಕಾಲೇಜಿನ ಪ್ರವೇಶ ಪತ್ರ, ಈವರೆಗಿನ ಅಂಕಪಟ್ಟಿ. ಇವುಗಳ ಒಂದು ಪ್ರತಿ ನಿಮ್ಮ ಮೈಮೇಲೆ, ಒಂದು ಊರಿನ ಮನೆಯಲ್ಲಿ, ಒಂದು ಇಮೇಲ್‌ನಲ್ಲಿ. ಅಂಕಪಟ್ಟಿಯನ್ನು ಬೇಕೆಂದೇ ಸೇರಿಸಿದ್ದೇನೆ. ಯುದ್ಧದ ನಡುವೆ ಓಡಿಬಂದವರಿಗೆ ಮೂಲ ದಾಖಲೆ ಕಾಲೇಜಿನಲ್ಲೇ ಉಳಿದುಬಿಟ್ಟರೆ ಬೇರೆಡೆ ಓದು ಮುಂದುವರಿಸುವುದು ದೊಡ್ಡ ತಲೆನೋವು. ಸೆಮಿಸ್ಟರ್ ಮುಗಿದ ಕೂಡಲೇ ಅಂಕಪಟ್ಟಿ ಸ್ಕ್ಯಾನ್ ಮಾಡಿ ಮನೆಗೆ ಕಳಿಸಿಬಿಡಿ.

ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಲಿ. ಗಡಿ ದಾಟಿ ಇನ್ನೊಂದು ದೇಶಕ್ಕೆ ಕಾಲಿಡುವಾಗ ಅದನ್ನೇ ಮೊದಲು ನೋಡುತ್ತಾರೆ. ಮಾಲೀಕ ಪಾಸ್‌ಪೋರ್ಟನ್ನು ತನ್ನ ಹತ್ತಿರ ಇಟ್ಟುಕೊಳ್ಳುವುದು ಗಲ್ಫ್ ದೇಶಗಳಲ್ಲೂ ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ. ಕಿತ್ತಾಡಿ ಪಡೆಯಲು ಆಗದಿದ್ದರೆ ಪೂರ್ತಿ ಪ್ರತಿಯಾದರೂ ನಿಮ್ಮ ಬಳಿ ಇರಬೇಕು. ಅದರ ಆಧಾರದ ಮೇಲೆ ರಾಯಭಾರ ಕಚೇರಿ ಬೇಗ ‘ಎಮರ್ಜೆನ್ಸಿ ಸರ್ಟಿಫಿಕೇಟ್’ ಕೊಡಬಲ್ಲದು. ಭಾರತಕ್ಕೆ ಒಂದು ಸಲ ಬರಲು ಮಾತ್ರ ನಡೆಯುವ ಕಾಗದ ಅದು.

ಆ ದೇಶ ಮುಟ್ಟಿದ ಮೊದಲ ವಾರದಲ್ಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ರೂಮು ಬದಲಿಸಿದರೆ ವಿಳಾಸವನ್ನೂ ಬದಲಿಸಿ. ಗಲಭೆ ಎದ್ದಾಗ ಗಡಿಗೆ ಕರೆದೊಯ್ಯುವ ಬಸ್ಸಿನ ಪಟ್ಟಿ ತಯಾರಾಗುವುದು ಈ ನೋಂದಣಿ ನೋಡಿಯೇ.

ನೇಪಾಳಕ್ಕೆ ಪಾಸ್‌ಪೋರ್ಟು ಬೇಡ, ನಿಜ. ಹಾಗೆಂದು ಆಧಾರ್ ಒಂದನ್ನೇ ಹಿಡಿದು ಹೋಗಬೇಡಿ. ಮತದಾರರ ಗುರುತಿನ ಚೀಟಿ ಕಡ್ಡಾಯವಾಗಿ ಇರಲಿ, ಪಾಸ್‌ಪೋರ್ಟು ಇದ್ದರೆ ಅದೂ ಇರಲಿ.

3. ಯಾವಾಗ ಹೊರಡಬೇಕೆಂದು ಹೊರಡುವ ಮೊದಲೇ ನಿಶ್ಚಯಿಸಿ

ಈ ಲೇಖನದಲ್ಲಿ ಒಂದೇ ಭಾಗ ಓದಲು ಪುರುಸೊತ್ತು ಇದ್ದರೆ ಇದನ್ನು ಓದಿ.

ಯುಕ್ರೇನಿನ ದಿನಾಂಕಗಳನ್ನು ನೆನಪಿಸಿಕೊಳ್ಳಿ. 2022ರ ಫೆಬ್ರುವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿ, ಇರಲೇಬೇಕಾದ ಕಾರಣ ಇಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವ ಬಗ್ಗೆ ಯೋಚಿಸಿ ಎಂದಿತು. 20ರಂದು ಮತ್ತೆ ಹೇಳಿತು. 24ರ ಬೆಳಗಿನ ಜಾವ ಯುದ್ಧ ಶುರುವಾಗಿ ಆಕಾಶಮಾರ್ಗವೇ ಮುಚ್ಚಿತು. ನಡುವೆ ಇದ್ದದ್ದು ಒಂಬತ್ತು ದಿನ. ಆ ಒಂಬತ್ತು ದಿನಗಳಲ್ಲಿ ಎಷ್ಟೋ ಮನೆಗಳ ಫೋನಿನಲ್ಲಿ ಓಡಾಡಿದ ಮಾತು ಹೀಗಿದ್ದಿರಬೇಕು: ‘ತಮ್ಮಾ, ಇಷ್ಟು ಫೀ ಕಟ್ಟೇವಿ. ಹಾಜರಿ ಕಡಿಮಿ ಆದ್ರ ಏನ್ ಮಾಡ್ತಿ? ಇನ್ನೊಂದ್ ವಾರ ನೋಡು.’ ಕಾಲೇಜುಗಳೂ ತರಗತಿ ನಿಲ್ಲಿಸಿರಲಿಲ್ಲ, ಟಿಕೆಟ್ ದರ ಏರಿತ್ತು. ತಂದೆಯೂ ತಪ್ಪು ಮಾಡಲಿಲ್ಲ, ಮಗನೂ ಮಾಡಲಿಲ್ಲ. ನಿರ್ಧಾರ ಮೊದಲೇ ಆಗಿರಲಿಲ್ಲ, ಅಷ್ಟೇ. ಭಯದ ಹೊತ್ತಿನಲ್ಲಿ, ಇಷ್ಟು ದೂರದಲ್ಲಿ, ವಾಟ್ಸಾಪ್ ಕರೆಯಲ್ಲಿ ಇಂಥ ನಿರ್ಧಾರ ಮಾಡಲಾಗುವುದಿಲ್ಲ.

ಅದಕ್ಕೇ ಹೊರಡುವ ಮುನ್ನ ಮನೆಮಂದಿ ಕೂತು ನಾಲ್ಕು ಗುರುತುಗಳನ್ನು ಕಾಗದದಲ್ಲಿ ಬರೆಯಿರಿ. ‘ಇವುಗಳಲ್ಲಿ ಎರಡು ಕಂಡರೆ ಯಾರನ್ನೂ ಕೇಳದೆ ಟಿಕೆಟ್ ತೆಗೆಸುವುದು’ ಎಂಬ ಒಪ್ಪಂದ ಅದು. ನಾನು ಬರೆಯುವುದಾದರೆ: ನಮ್ಮ ರಾಯಭಾರ ಕಚೇರಿ ‘ಅಗತ್ಯವಿಲ್ಲದಿದ್ದರೆ ಇರಬೇಡಿ’ ಎಂದು ಒಂದು ಸಲ ಹೇಳುವುದು, ಬೇರೆ ದೇಶಗಳು ತಮ್ಮ ಸಿಬ್ಬಂದಿಯ ಕುಟುಂಬಗಳನ್ನು ವಾಪಸ್ ಕರೆಸಿಕೊಳ್ಳುವುದು, ವಿಮಾನ ಕಂಪನಿಗಳು ಒಂದೊಂದಾಗಿ ಹಾರಾಟ ನಿಲ್ಲಿಸುವುದು, ಎಟಿಎಂನಲ್ಲಿ ರೊಕ್ಕ, ಬಂಕಿನಲ್ಲಿ ಪೆಟ್ರೋಲ್ ಸಿಗದಂತಾಗುವುದು. ಟಿಕೆಟ್ಟಿಗೆ ಬೇಕಾಗುವ ಹಣವನ್ನು ಬೇರೆ ಖಾತೆಯಲ್ಲಿ ಎತ್ತಿಡಿ. ಅದು ಫೀಸಿನ ಹಣದಷ್ಟೇ ಕಡ್ಡಾಯ. ಏನೂ ಆಗದೆ ಹುಡುಗಿ ಎರಡು ವಾರ ಊರಲ್ಲಿದ್ದು ಮತ್ತೆ ಹೋದರೆ ನಷ್ಟ ಒಂದು ಟಿಕೆಟ್ಟಿನದು ಮಾತ್ರ.

ಎಲ್ಲ ಕಡೆ ಒಂಬತ್ತು ದಿನದ ಸಮಯ ಸಿಗುತ್ತದೆ ಎಂದೇನಿಲ್ಲ. ಸುಡಾನಿನಲ್ಲಿ 2023ರ ಏಪ್ರಿಲ್ 15ರಂದು ಸೇನೆಗೂ ಅರೆಸೇನೆಗೂ ಕಾಳಗ ಹತ್ತಿದ ಮೊದಲ ದಿನವೇ ಖಾರ್ಟೂಮ್ ವಿಮಾನ ನಿಲ್ದಾಣ ರಣರಂಗವಾಯಿತು. ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮದೇ ರಾಜ್ಯದ ಹಕ್ಕಿಪಿಕ್ಕಿ ಜನ ದೂರದ ಅಲ್ ಫಾಶಿರ್‌ನಲ್ಲಿ ಊಟ ನೀರಿಗೆ ಪರದಾಡಿದರು. ನೇಪಾಳದಲ್ಲಿ 2025ರ ಸೆಪ್ಟೆಂಬರ್ 8ರಂದು ಯುವಕರ ಪ್ರತಿಭಟನೆ ಮೇಲೆ ಗುಂಡು ಹಾರಿತು, 9ರಂದು ಪ್ರಧಾನಿ ರಾಜೀನಾಮೆ ಕೊಟ್ಟರು, ಕಾಠ್ಮಂಡು ವಿಮಾನ ನಿಲ್ದಾಣ ಮುಚ್ಚಿತು. ಅಂಥಲ್ಲಿ ಮುಂದಿನ ಹೆಜ್ಜೆಗಳೇ ಗತಿ.

4. ಹೊರಬೀಳಲು ಎರಡು ದಾರಿ ಗುರುತಿಸಿ

ಆ ದೇಶದ ನಕ್ಷೆ ಹರಡಿಕೊಂಡು ನೀವಿರುವ ಊರಿನಿಂದ ಹತ್ತಿರದ ಎರಡು ಗಡಿಗಳನ್ನು ಗುರುತು ಮಾಡಿ. ವಿಮಾನ ನಿಲ್ದಾಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೊದಲು ಮುಚ್ಚುವುದು ಅದೇ. ಹಾರ್ಕಿವ್ ಪಟ್ಟಣದಿಂದ ಪೋಲೆಂಡಿನ ಗಡಿ ಸುಮಾರು 1000 ಕಿಲೋಮೀಟರು, ಅಂದರೆ ಬೆಳಗಾವಿಯಿಂದ ಬೆಂಗಳೂರಿಗೆ ಹೋಗಿ ಬಂದಷ್ಟು. ಢಾಕಾದಲ್ಲಿ ಓದುವವರಿಗೆ ತ್ರಿಪುರಾದ ಅಗರ್ತಲಾ ಹತ್ತಿರದ ಅಖೌರಾ ಗಡಿ ಇದೆ. 2024ರ ಜುಲೈನಲ್ಲಿ ಬಹಳಷ್ಟು ಭಾರತೀಯ ವಿದ್ಯಾರ್ಥಿಗಳು ಅಲ್ಲಿಂದಲೂ ಮೇಘಾಲಯದ ಡಾವ್ಕಿಯಿಂದಲೂ ಒಳಗೆ ಬಂದರು. ಕಾಠ್ಮಂಡುವಿನಿಂದ ಬರುವವರಿಗೆ ಬಿಹಾರದ ರಕ್ಸೌಲ್, ಉತ್ತರ ಪ್ರದೇಶದ ಸೋನೌಲಿ.

ನೆರೆಯ ದೇಶಕ್ಕೆ ಭಾರತೀಯರಿಗೆ ವೀಸಾ ಬೇಕೇ, ಆನ್‌ಲೈನ್‌ನಲ್ಲಿ ಸಿಗುತ್ತದೆಯೇ ಎಂದು ಈಗಲೇ ನೋಡಿಡಿ. ನಕ್ಷೆಯನ್ನು ಇಂಟರ್ನೆಟ್ ಇಲ್ಲದೆ ತೆರೆಯುವಂತೆ ಫೋನಿಗೆ ಇಳಿಸಿಕೊಳ್ಳಿ. ಊರುಗಳ ಹೆಸರನ್ನು ಆ ದೇಶದ ಲಿಪಿಯಲ್ಲೂ ಬರೆಸಿಕೊಂಡಿರಿ, ಡ್ರೈವರನಿಗೆ ತೋರಿಸಲು ಬೇಕಾಗುತ್ತದೆ.

5. ಚೀಲ

ಒಂದು ಬೆನ್ನುಚೀಲ, ಯಾವಾಗಲೂ ತುಂಬಿದ್ದು. ಅದನ್ನು ಹೊತ್ತು ಹತ್ತು ಕಿಲೋಮೀಟರ್ ನಡೆಯಲು ಆಗಬೇಕು. ಈ ಮಾತು ಸುಮ್ಮನೆ ಹೇಳಿದ್ದಲ್ಲ. 2022ರ ಮಾರ್ಚ್ 2ರಂದು ರಾಯಭಾರ ಕಚೇರಿ ಹಾರ್ಕಿವ್‌ನಲ್ಲಿದ್ದವರಿಗೆ, ಕೂಡಲೇ ಊರು ಬಿಡಿ, ಸಂಜೆ ಆರರೊಳಗೆ ಹತ್ತಿರದ ಹಳ್ಳಿಗಳನ್ನು ಮುಟ್ಟಿ, ವಾಹನ ಸಿಗದಿದ್ದರೆ ನಡೆದಾದರೂ ಹೋಗಿ ಎಂದಿತು. ಸೂಚಿಸಿದ ಹಳ್ಳಿಗಳಲ್ಲಿ ಹತ್ತಿರದ್ದು 11 ಕಿಲೋಮೀಟರು: ಬೆಳಗಾವಿಯಿಂದ ಸಾಂಬ್ರಾದಷ್ಟು ದೂರ, ಹಿಮದಲ್ಲಿ.

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಭಾಗ್ಯವಂತರು. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಒಲೆ ಬೇಡ, ಕರೆಂಟು ಬೇಡ, ಫ್ರಿಜ್ಜೂ ಬೇಡ, ತಿಂಗಳುಗಟ್ಟಲೆ ಕೆಡದು. ಕರ್ಫ್ಯೂ ಬಿದ್ದು ಅಂಗಡಿ ಮುಚ್ಚಿದಾಗ ಒಂದು ಕಟ್ಟು ರೊಟ್ಟಿ ಒಂದು ವಾರ ಕಾಯುತ್ತದೆ. ನೂಡಲ್ಸ್ ಪೊಟ್ಟಣಕ್ಕೆ ಬಿಸಿನೀರಾದರೂ ಬೇಕಲ್ಲ! ರೊಟ್ಟಿಯ ಕಟ್ಟನ್ನು ಡಬ್ಬಿಯಲ್ಲಿ ಹಾಕಿ, ಇಲ್ಲವಾದರೆ ಪುಡಿಯಾಗುತ್ತದೆ. ಪುಡಿಯಾದರೂ ತಿನ್ನಬಹುದು ಬಿಡಿ.

ಆದರೆ ಒಂದು ಎಚ್ಚರಿಕೆ: ಗೋಕಾಕದ ಕರದಂಟು, ಅಮೀನಗಡದ ಕರದಂಟು ಎಂದು ಪ್ರೀತಿಯಿಂದ ಕಟ್ಟಿಕೊಡುವವರೇ, ಅದರಲ್ಲಿ ಗಸಗಸೆ ಇದೆಯೇ ಕೇಳಿ ನೋಡಿ. ಯುಎಇ, ಸೌದಿಗಳಲ್ಲಿ ಗಸಗಸೆ ನಿಷಿದ್ಧ ವಸ್ತು, ಮಾದಕ ದ್ರವ್ಯದ ಕಾನೂನಿಗೆ ಬರುತ್ತದೆ. ನೋವಿನ ಮಾತ್ರೆಗಳ ಪೈಕಿ ಟ್ರಮಡಾಲ್, ಕೊಡೀನ್ ಇರುವವೂ ಅಲ್ಲಿ ನಿರ್ಬಂಧಿತ. ಬೇರೆ ದೇಶಕ್ಕೆ ಹೋಗುವವರೂ ದುಬೈ ಮೇಲಿಂದ ಹೋಗುವುದಾದರೆ ಇದು ಅನ್ವಯಿಸುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಎರಡು ವಾರಕ್ಕೆ ಹೆಚ್ಚಿಗೆ, ವೈದ್ಯರ ಚೀಟಿಯೊಡನೆ ಇರಲಿ.

ಪವರ್ ಬ್ಯಾಂಕ್ 20,000 ಎಂಎಎಚ್ ಸಾಕು. ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು. ಟಾರ್ಚ್, ಸೀಟಿ, ಎರಡು ಲೀಟರ್ ನೀರು, ಬೆಚ್ಚನೆಯ ಹೊದಿಕೆ. ಹಣವನ್ನು ಎರಡು ಮೂರು ಕಡೆ ಹಂಚಿಡಿ: ಸ್ಥಳೀಯ ನೋಟು ಸ್ವಲ್ಪ, ಚಿಕ್ಕ ಬೆಲೆಯ, ಹರಿಯದ ಡಾಲರ್ ನೋಟು ಹೆಚ್ಚು. ಬ್ಯಾಂಕು ಮುಚ್ಚಿದ ದಿನ ಕಾರ್ಡು ಬರೀ ಪ್ಲಾಸ್ಟಿಕ್. ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡೇ ಹೋಗಿ. ನಿಮ್ಮ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

6. ಗಲಭೆ ಎದ್ದ ಮೊದಲ ಎರಡು ದಿನ

ಒಳಗಿರಿ. 2024ರ ಮೇ ತಿಂಗಳಲ್ಲಿ ಕಿರ್ಗಿಜ್‌ಸ್ತಾನದ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪುಗಳು ಎರಗಿದಾಗ ನಮ್ಮ ರಾಯಭಾರ ಕಚೇರಿ ಕೊಟ್ಟ ಮೊದಲ ಸೂಚನೆ ಅದೇ. ಕಿಟಕಿಯಿಂದ ದೂರ, ಹೊರಗೋಡೆಗೂ ನಿಮಗೂ ನಡುವೆ ಇನ್ನೊಂದು ಗೋಡೆ ಇರುವ ಜಾಗದಲ್ಲಿ ಮಲಗಿ. ಬಾಂಬು ಬೀಳುವ ಊರಾದರೆ ನೆಲಮಾಳಿಗೆ, ಮೆಟ್ರೋ ನಿಲ್ದಾಣ. ನೀರು ಬರುತ್ತಿರುವಾಗಲೇ ಬಕೆಟ್ಟು, ಬಾಟಲಿ, ಪಾತ್ರೆ ಎಲ್ಲ ತುಂಬಿಸಿ.

ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಹಾರ್ಕಿವ್‌ನಲ್ಲಿ 2022ರ ಮಾರ್ಚ್ 1ರಂದು ಜೀವ ಕಳೆದುಕೊಂಡದ್ದು ಊಟದ ಸಾಮಾನಿಗೆಂದು ಹೊರಗೆ ಹೋದಾಗ. ಈ ಸಂಗತಿ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತಿದ್ದೇನೆ. ಚೀಲದಲ್ಲಿ ಒಂದು ವಾರದ ಊಟ ಇರಲಿ ಎಂದು ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿ.

ಹೋಟೆಲಿನಲ್ಲಿ ಇಳಿಯುವ ಪ್ರವಾಸಿಗಳು ದೊಡ್ಡ ಹೋಟೆಲು ಭದ್ರ ಎಂದುಕೊಳ್ಳುತ್ತಾರೆ. ಕಾಠ್ಮಂಡುವಿನಲ್ಲಿ ಸಂಸತ್ ಭವನದ ಜೊತೆಗೆ ಹಿಲ್ಟನ್ ಹೋಟೆಲಿಗೂ ಬೆಂಕಿ ಬಿತ್ತು. ಸರಕಾರಿ ಕಟ್ಟಡಗಳಿಂದ, ಮಂತ್ರಿಗಳ ಮನೆಗಳಿಂದ ದೂರದ ಸಾಧಾರಣ ವಸತಿ ನೋಡಿ, ಎರಡನೇ ಮೂರನೇ ಮಹಡಿಯ ಕೋಣೆ ಕೇಳಿ. ಮೆಟ್ಟಿಲು ಎಲ್ಲಿದೆ ಎಂದು ಚಾವಿ ತೆಗೆದುಕೊಂಡ ಕೂಡಲೇ ನೋಡಿಬನ್ನಿ.

ಮೆರವಣಿಗೆಯ ವಿಡಿಯೋ ಮಾಡಬೇಡಿ. ಪೊಲೀಸ್, ಸೈನಿಕರು, ಸೇತುವೆ, ವಿಮಾನ ನಿಲ್ದಾಣದ ಫೋಟೋ ಬೇಡ. ಇಂಥದ್ದಕ್ಕೆ ಗೂಢಚಾರಿಕೆಯ ಕೇಸು ಹಾಕುವ ದೇಶಗಳಿವೆ. ಯಾವ ಪಕ್ಷದ ಪರವಾಗಿಯೂ ಸ್ಟೇಟಸ್ ಹಾಕಬೇಡಿ. ನಾಕಾಬಂದಿಯಲ್ಲಿ ಫೋನ್ ಬಿಚ್ಚಿಸಿ ನೋಡುತ್ತಾರೆ.

7. ಫೋನು ಮತ್ತು ಊರಿನವರು

ಬಾಂಗ್ಲಾದೇಶದಲ್ಲಿ 2024ರ ಜುಲೈ 18ರಿಂದ ಇಂಟರ್ನೆಟ್ ಕಡಿದು, ಮೊಬೈಲ್ ಡೇಟಾ ಒಂದು ವಾರಕ್ಕೂ ಹೆಚ್ಚು ಕಾಲ ಇರಲಿಲ್ಲ. ಡೇಟಾ ಇಲ್ಲದಾಗಲೂ ಎಸ್‌ಎಂಎಸ್ ಒಮ್ಮೊಮ್ಮೆ ದಾಟುತ್ತದೆ. ಕನ್ನಡ ಲಿಪಿಯಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರ (ಗುಣಿತ, ಒತ್ತು, ಖಾಲಿ ಜಾಗವೂ ಲೆಕ್ಕಕ್ಕೆ) ಮಾತ್ರ ಹಿಡಿಸುವುದರಿಂದ ಚುಟುಕಾಗಿ ಬರೆಯಿರಿ: ‘ಅಪ್ಪಾ ಆರಾಮ ಅದೀನಿ. ಹಾಸ್ಟೆಲ್‌ನಾಗ ಆರು ಮಂದಿ ಅದೀವಿ. ರಾತ್ರಿ 9ಕ್ಕ ಮತ್ತ.’ ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿ, ಉಳಿದ ಹೊತ್ತು ಫೋನ್ ಆರಿಸಿಡಿ. ‘ಒಂದ ನಿಮಿಷ ಮಾತಾಡು’ ಎಂದು ಅವ್ವ, ಕಾಕಾ, ಸೋದರತ್ತಿ ಎಲ್ಲರೂ ಹತ್ತಿದರೆ ಬ್ಯಾಟರಿ ಸಂಜೆಗೇ ಸಾಯುತ್ತದೆ.

ಊರಲ್ಲಿ ಒಬ್ಬರೇ ಸಂಪರ್ಕದವರಾಗಲಿ. ಅಪ್ಪನಿಗೆ ಗಾಬರಿಯಾದರೆ ಅಣ್ಣನೋ ಮಾವನೋ ಆಗಲಿ. ಪಾಸ್‌ಪೋರ್ಟ್ ಸಂಖ್ಯೆ, ವಿಳಾಸ, ಜೊತೆಗಾರರ ಹೆಸರು ಬರೆದ ಹಾಳೆ ಅವರ ಕೈಯಲ್ಲಿರಬೇಕು. ಅವರು ಮಾಡಬೇಕಾದ ಕೆಲಸ ಮೂರು. ವಿದೇಶಾಂಗ ಇಲಾಖೆಯ ನಿಯಂತ್ರಣ ಕೊಠಡಿಗೆ ವಿವರ ಕೊಡುವುದು; ಈಚಿನ ಹಲವು ಬಿಕ್ಕಟ್ಟುಗಳಲ್ಲಿ ದೇಶದೊಳಗಿನಿಂದ ಕರೆಯಲು ಕೊಟ್ಟ ಉಚಿತ ಸಂಖ್ಯೆ 1800118797. ಜಿಲ್ಲಾಧಿಕಾರಿ ಕಚೇರಿಯಲ್ಲಿ ಹೆಸರು ಬರೆಸುವುದು, ಇಲ್ಲವೇ ರಾಜ್ಯದ ವಿಪತ್ತು ಸಹಾಯವಾಣಿ 1070ಕ್ಕೆ ಕರೆಯುವುದು. ಯುಕ್ರೇನ್ ಹೊತ್ತಿನಲ್ಲಿ ಕರ್ನಾಟಕ ಸರಕಾರ ಪಟ್ಟಿ ಮಾಡಿದ್ದು ಹೀಗೆಯೇ. ಮೂರನೆಯದು, ವಿದೇಶಾಂಗ ಇಲಾಖೆಯ ‘ಮದದ್’ ತಾಣದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆ ಇಟ್ಟುಕೊಳ್ಳುವುದು.

ಟಿವಿಯವರು ಮನೆಗೆ ಬಂದರೆ ಮಗ ಇರುವ ಕಟ್ಟಡದ ಹೆಸರು ಹೇಳಬೇಡಿ, ಅವನು ಕಳಿಸಿದ ವಿಡಿಯೋ ಕೊಡಬೇಡಿ. ‘ಸರಕಾರದ ವಿಮಾನದಲ್ಲಿ ಸೀಟು ಮಾಡಿಸಿಕೊಡ್ತೀನಿ, ಇಷ್ಟು ಹಾಕ್ರಿ’ ಎಂದು ಫೋನ್ ಬಂದರೆ ಅದು ಮೋಸ. ಗಂಗಾ ಕಾರ್ಯಾಚರಣೆಯ ವಿಮಾನಗಳಲ್ಲಿ ಬಂದವರು ಟಿಕೆಟ್ಟಿಗೆ ರೊಕ್ಕ ಕೊಡಲಿಲ್ಲ.

8. ದಾರಿ ಹಿಡಿಯುವಾಗ

ರಾಯಭಾರ ಕಚೇರಿಯ ಸೂಚನೆ ಊರಿಂದ ಊರಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಯುಕ್ರೇನಿನಲ್ಲಿ 2022ರ ಫೆಬ್ರುವರಿ 26ರಂದು ‘ನಮ್ಮ ಅಧಿಕಾರಿಗಳನ್ನು ಕೇಳದೆ ಗಡಿಗೆ ಬರಬೇಡಿ’ ಎಂದವರೇ ಮಾರ್ಚ್ 2ರಂದು ಹಾರ್ಕಿವ್‌ನವರಿಗೆ ‘ಈಗಲೇ ಹೊರಡಿ’ ಎಂದರು. ಎರಡೂ ಸರಿಯೇ. ಗಡಿಯಲ್ಲಿ ಜನ ಚಳಿಯಲ್ಲಿ ದಿನಗಟ್ಟಲೆ ನಿಂತಿದ್ದರು, ಹಾರ್ಕಿವ್‌ನಲ್ಲಿ ಶೆಲ್ ಬೀಳುತ್ತಿತ್ತು. ಆದ್ದರಿಂದ ಗೆಳೆಯ ಫಾರ್ವರ್ಡ್ ಮಾಡಿದ ಸಂದೇಶದಲ್ಲಿ ತಾರೀಖು, ಊರಿನ ಹೆಸರು ನೋಡಿ. ರಾಯಭಾರ ಕಚೇರಿಯ ಅಧಿಕೃತ ಖಾತೆಯಲ್ಲಿ ಅದೇ ಮಾತು ಇದೆಯೇ ಖಚಿತಪಡಿಸಿಕೊಂಡು ಹೆಜ್ಜೆ ಎತ್ತಿ.

ಹಗಲಲ್ಲೇ ಹೊರಡಿ, ಗುಂಪಾಗಿ ಹೊರಡಿ. ಹೆಣ್ಣುಮಕ್ಕಳು ನಡುವೆ ಇರಲಿ, ಭಾಷೆ ಬಲ್ಲವರು ಮುಂದೆ. ಯುಕ್ರೇನಿನಲ್ಲಿ ಬಸ್ಸಿಗೆ ತ್ರಿವರ್ಣ ಧ್ವಜ ಅಂಟಿಸಿಕೊಂಡು ಹೋದರು. ಎಲ್ಲ ಯುದ್ಧದಲ್ಲೂ ಅದು ಕೆಲಸ ಮಾಡುತ್ತದೆ ಎನ್ನಲಾಗದು, ರಾಯಭಾರ ಕಚೇರಿ ಹೇಳಿದರೆ ಅಂಟಿಸಿ. ನಾಕಾಬಂದಿಯಲ್ಲಿ ಕೈ ಕಾಣುವಂತೆ ಇಟ್ಟುಕೊಂಡು, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಗಡಿಯಲ್ಲಿ ರಾತ್ರಿ ಕಳೆಯಬೇಕಾಗಬಹುದು, ಹೊದಿಕೆ ಹಾಕಿಕೊಂಡದ್ದು ಅದಕ್ಕೇ.

9. ಊರು ಮುಟ್ಟಿದ ಮೇಲೆ

ಸರಕಾರದ ವಿಮಾನ ಹೆಚ್ಚಾಗಿ ಇಳಿಯುವುದು ದಿಲ್ಲಿ ಅಥವಾ ಮುಂಬಯಿಗೆ. ದಿಲ್ಲಿಯಲ್ಲಿ ಇಳಿದವರು ಕರ್ನಾಟಕ ಭವನದವರನ್ನು ಕೇಳಿ. ಮುಂಬಯಿ ಆದರೆ ವಿಜಯಪುರ, ಬೆಳಗಾವಿಯ ಬಸ್ಸು ನಿಮಗೆ ಗೊತ್ತಿದ್ದದ್ದೇ. ಬಾಕಿ ಪಗಾರ ಬರಬೇಕಿದ್ದವರು ಕರಾರಿನ ಪ್ರತಿಯೊಂದಿಗೆ ‘ಮದದ್’ನಲ್ಲಿ ದೂರು ಹಾಕಿ, ತಡ ಮಾಡಬೇಡಿ. ಎಮರ್ಜೆನ್ಸಿ ಸರ್ಟಿಫಿಕೇಟ್ ಮೇಲೆ ಬಂದಿದ್ದರೆ ನಿಮ್ಮ ಹಳೆಯ ಪಾಸ್‌ಪೋರ್ಟು ಇನ್ನು ನಡೆಯದು. ಕಳೆದ ಬಗ್ಗೆ ಪೊಲೀಸ್ ದೂರಿನ ಪ್ರತಿ, ಆ ಸರ್ಟಿಫಿಕೇಟ್ ಎರಡನ್ನೂ ಹಿಡಿದು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸದಕ್ಕೆ ಅರ್ಜಿ ಹಾಕಬೇಕು. ಅರ್ಜಿಯ ಸಮಯವನ್ನು ಆನ್‌ಲೈನ್‌ನಲ್ಲಿ ಮೊದಲೇ ಗೊತ್ತುಮಾಡಿಕೊಂಡು ಹೋಗಿ, ಇಲ್ಲವಾದರೆ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ.